ನಾಲ್ಕು ದಿನದ ಮೈಸೂರು

ಏಪ್ರಿಲ್ 27, 1959, ಸೋಮವಾರ
ಚಾಂಪಿಯನ್ ರೀಫ್ಸ್

ಇವತ್ತು ಶಾಲೆಗೆ ಬೇಸಿಗೆ ರಜೆ ಬಿಟ್ಟರು. ಬಿಡುವ ಮೊದಲು ನನ್ನ ಜೊತೆಯ ಟೀಚರು ಮುನಿನಾರಾಯಣಮ್ಮ ಒಂದು ಗಂಟೆ ಮೈಸೂರಿನ ಪುರಾಣ ಓದಿದಳು. ಗಂಡನ ಜೊತೆ ಹೋಗಿಬಂದದ್ದು ಮೂರು ದಿನ, ಹೇಳುತ್ತಿರುವುದು ಒಂದು ತಿಂಗಳಿಂದ. ಬೃಂದಾವನದಲ್ಲಿ ನೀರು ಕೆಂಪಗೆ ಹಾರಿ ಹಸಿರಾಗಿ ಬೀಳುತ್ತದಂತೆ. ಮೃಗಾಲಯದ ಜಿರಾಫೆ ಇವಳ ಕೈಯಿಂದಲೇ ಎಲೆ ತಿಂದಿತಂತೆ. "ನೀನೂ ಒಂದ್ಸಲ ನೋಡ್ಬೇಕು ಕಣೇ ರತ್ನಾ, ಜನ್ಮ ಸಾರ್ಥಕ," ಎಂದಳು. ನನಗೆ ಮೈಯೆಲ್ಲ ಉರಿಯಿತು. ಹದಿನಾರರ ಮಗ್ಗಿಯನ್ನು ಪುಸ್ತಕ ನೋಡದೆ ಹೇಳಲಾರದವಳು, ಇವಳಿಗೆ ಜನ್ಮ ಸಾರ್ಥಕವಾಯಿತು!

ಸಂಜೆ ಇವರು ಚಿನ್ನದ ಗಣಿಯ ಷಿಫ್ಟು ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಾಗ ಮಾತು ತೆಗೆದೆ.

"ನಾವೂ ಒಂದ್ ನಾಕ್ ದಿನ ಮೈಸೂರಿಗೆ ಓಗಿ ಬರಾಣ."

"ಮೈಸೂರ್ನಾಗೆ ಏನೈತೆ?"

"ಏನಿಲ್ಲ ಅಂತ ಕೇಳಿ. ಅರಮನೆ ಐತೆ, ಬೆಟ್ಟ ಐತೆ."

"ಅರಮನೆ ಮಾರಾಜ್ರುದು. ಬೆಟ್ಟ ಇಲ್ಲೂ ಐತೆ ನೋಡು," ಎಂದು ಕಿಟಕಿಯಾಚೆಯ ಸೈನೈಡ್ ದಿಬ್ಬ ತೋರಿಸಿದರು. ಗಣಿಯ ಕಸದ ಮಣ್ಣು, ಮಳೆ ಬಂದರೂ ಹುಲ್ಲು ಹುಟ್ಟದ ದಿಬ್ಬ. ಅದನ್ನು ಚಾಮುಂಡಿ ಬೆಟ್ಟಕ್ಕೆ ಹೋಲಿಸುತ್ತಾರೆ ಪುಣ್ಯಾತ್ಮರು.

ಮದುವೆಯಾಗಿ ಐದು ವರ್ಷ. ಈವರೆಗೆ ನಾನು ನೋಡಿದ ಊರೆಂದರೆ ತವರು ಬೇತಮಂಗಲ, ನನ್ನ ಅಣ್ಣ ಬಚ್ಚಪ್ಪಣ್ಣನ ಮನೆಯಿರುವ ಬಂಗಾರಪೇಟೆ. ಎರಡಕ್ಕೂ ಹೋಗಿ ಬರಲು ಒಂದು ಹೊತ್ತು ಸಾಕು.

ಏಪ್ರಿಲ್ 30, ಗುರುವಾರ

ಸಂಜೆ ಐದರ ಸುಮಾರಿಗೆ ನೆಲದಡಿಯಲ್ಲಿ ಬರ್ಸ್ಟ್ ಆಯಿತು. ಕೆಳಗೆ ಬಂಡೆ ಸಿಡಿದರೆ ಮೇಲೆ ಗಣಿಯವರು ಸಾಲಾಗಿ ಕಟ್ಟಿಸಿಕೊಟ್ಟ ನಮ್ಮ ಲೈನ್ ಮನೆಗಳು ಅಲುಗುತ್ತವೆ, ಗೂಡಿನಲ್ಲಿಟ್ಟ ತಟ್ಟೆ ಲೋಟ ಗಲಗಲ ಅನ್ನುತ್ತವೆ. ಇಲ್ಲಿ ಇದು ಹಾಲು ಉಕ್ಕಿದಷ್ಟೇ ಸಾಮಾನ್ಯ. ನಾನು ತಟ್ಟೆ ಸರಿಯಾಗಿ ಜೋಡಿಸಿ ತಿರುಗಿದರೆ ಇವರು ಗೋಡೆಗೆ ಎರಡೂ ಅಂಗೈ ಊರಿ ನಿಂತಿದ್ದಾರೆ, ಗೋಡೆ ಬೀಳುತ್ತದೆ ಎಂಬಂತೆ. ಮುಖವೆಲ್ಲ ಬೆವರು. "ಏನ್ರೀ?" ಎಂದೆ. "ಏನಿಲ್ಲ," ಎಂದರು. ಆದರೆ ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು.

ಯುಗಾದಿಗೆ ಮುಂಚೆ ಇವರ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಬಂಡೆಯಡಿ ಹೋದ. ಅಂದಿನಿಂದ ಹೀಗೆ. ಮುದ್ದೆ ಮುರಿಯುವಾಗ ಬೆರಳು ನಡುಗುತ್ತದೆ. ಈ ಕೈಯಲ್ಲಿ ನಾಳೆ ಬಂಡೆಗೆ ತೂತು ಹೊಡೆಯಬೇಕು. ಹೇಡಿ ಗಂಡಸು ಎಂದು ಒಮ್ಮೆ ಅನ್ನಿಸಿತು, ಆಮೇಲೆ ಮುದ್ದೆಯನ್ನು ನಾನೇ ಮುರಿದು ಇವರ ತಟ್ಟೆಗಿಟ್ಟೆ. ನಾಲ್ಕು ದಿನ ಈ ನೆಲ ಬಿಟ್ಟು ಹೋಗಲೇಬೇಕು. ನನ್ನ ಆಸೆಗಲ್ಲ, ಇವರಿಗೋಸ್ಕರ.

(ಆಸೆಯೂ ಇದೆ. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಯಾಕೆ.)

ಮೇ 2, ಶನಿವಾರ

ರಜೆ ಸಿಗಲಿಲ್ಲ. ಗ್ಯಾಂಗಿನಲ್ಲಿ ಆಳು ಕಡಿಮೆಯಂತೆ. ಮೇಸ್ತ್ರಿ ವೆಂಕಟೇಶಪ್ಪ, "ಪೆರುಮಾಳ್ ಆಗಲೇ ರಜ ತೊಗೊಂಡವ್ನೆ, ಇಬ್ರನ್ನೂ ಬಿಟ್ರೆ ನಾನೇ ಬಂಡೆ ಕೊರೀಬೇಕಾ?" ಎಂದನಂತೆ.

ಪೆರುಮಾಳ್ ಅಂದರೆ ನಮ್ಮ ಪಕ್ಕದ ಮನೆಯವನು. ಒಂದೇ ಗೋಡೆ. ಅವನು ಉಸಿರಾಡಿದರೆ ನಮಗೆ ಕೇಳುತ್ತದೆ. ಅವನಿಗೆ ಹದಿನೈದು ದಿನ ರಜೆ, ಹೋಗಲು ಸ್ವಂತ ಊರಿಲ್ಲ. ಕೇಳಿದರೆ "ಮನೇಲಿ ಬಿದ್ಕೊಂಡು ನಿದ್ದೆ ಮಾಡ್ತೀನಿ" ಅನ್ನುತ್ತಾನೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.

ಮೇ 4, ಸೋಮವಾರ

ಉಪಾಯ ಪೆರುಮಾಳನದೇ. ನಾನು ಹೇಳಿಕೊಟ್ಟದ್ದಲ್ಲ.

ನಮ್ಮ ಜಗಳ ಗೋಡೆಯಾಚೆ ಅವನಿಗೆ ಕೇಳಿದೆ. ಅವನೂ ಹೆಂಡತಿ ಮಾರಿಯಮ್ಮನೂ ಬಂದು ಬಾಗಿಲಲ್ಲಿ ಕೂತರು. "ಅಕ್ಕಾ, ಯಾಕೆ ಅಣ್ಣನ್ನ ಬೈತೀರಾ? ಅಣ್ಣನ ಬಿಲ್ಲೆ ನಾನ್ ತೊಗೊಂಡು ಇಳೀತೀನಿ. ನೀವು ಓಗಿ ಬನ್ನಿ," ಎಂದ.

ಇಲ್ಲಿ ಇದು ಹೊಸತಲ್ಲ. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಇಳಿಯುವಾಗ ಹಲಗೆಯಿಂದ ತೆಗೆದುಕೊಂಡು ಹೋಗಬೇಕು, ಹತ್ತಿ ಬಂದ ಮೇಲೆ ಮತ್ತೆ ಅದೇ ಮೊಳೆಗೆ ಹಾಕಬೇಕು. ಮೊಳೆ ಖಾಲಿಯಿದ್ದರೆ ಆಳು ಕೆಳಗಿದ್ದಾನೆ ಎಂದು ಲೆಕ್ಕ. ಬೆಳಗಿನ ನೂಕುನುಗ್ಗಲಲ್ಲಿ ಗುಮಾಸ್ತ ಕೈ ನೋಡುತ್ತಾನೆ, ಮುಖ ನೋಡುವುದಿಲ್ಲ. ಮದುವೆ, ತಿಥಿ, ಹೆರಿಗೆ ಎಂದು ಒಬ್ಬರ ಬಿಲ್ಲೆಯಲ್ಲಿ ಇನ್ನೊಬ್ಬರು ಇಳಿಯುತ್ತಲೇ ಇರುತ್ತಾರೆ. ಮೇಸ್ತ್ರಿಗೆ ಗೊತ್ತಿರುತ್ತದೆ, ಅವನು ಆ ಕಡೆ ತಿರುಗಿ ಬೀಡಿ ಹಚ್ಚುತ್ತಾನೆ. ಸಿಕ್ಕಿಬಿದ್ದರೆ ಮಾತ್ರ ಇಬ್ಬರ ಕೆಲಸವೂ ಹೋಗುತ್ತದೆ, ಮನೆಯೂ ಹೋಗುತ್ತದೆ.

ಇವರು "ಬ್ಯಾಡ ಕಣಪ್ಪಾ" ಎಂದರು. ಎರಡು ಸಲ ಎಂದರು. ನಾನು ಮಧ್ಯೆ ಬಾಯಿ ಹಾಕಿ, "ಸುಮ್ನಿರಿ, ತಮ್ಮ ಅಷ್ಟು ಬಾಯ್ಬಿಟ್ಟು ಯೇಳ್ತಾ ಅವ್ನೆ," ಎಂದೆ. ಪೆರುಮಾಳ್ ನಕ್ಕ. ಮಾರಿಯಮ್ಮ ನಗಲಿಲ್ಲ. ಅಕ್ಷರ ಗೊತ್ತಿಲ್ಲದ ಹೆಂಗಸು, ಮೈಸೂರು ಅಂದರೆ ಇಲ್ಲಿನ ಮೈಸೂರು ಮೈನ್ಸ್ ಗಣಿ ಎಂದೇ ಈವರೆಗೆ ತಿಳಿದಿದ್ದವಳು. "ಅಷ್ಟು ದೂರ ಓಗಿ ನೋಡೋಕೆ ಅಂಗೆ ಏನೈತಕ್ಕಾ?" ಎಂದು ಕೇಳಿದಳು. "ಬಂದ ಮೇಲೆ ಯೇಳ್ತೀನಿ," ಎಂದೆ.

ಶುಕ್ರವಾರ ಹೊರಟು ಸೋಮವಾರ ಸಂಜೆ ವಾಪಸ್ಸು.

ಮೇ 7, ಗುರುವಾರ

ಚಕ್ಕುಲಿ, ಹುಳಿಯನ್ನ, ಎರಡು ಸೀರೆ, ಇವರ ಬಿಳಿ ಪಂಚೆ. ನಾಳೆ ಬೆಳಗಿನ ರೈಲು. ನಿದ್ದೆ ಬರುವ ಹಾಗಿಲ್ಲ.

ಮೇ 9, ಶನಿವಾರ, ಮೈಸೂರು

ಬಂಗಾರಪೇಟೆಯಲ್ಲಿ ಇಳಿದು, ಬೆಂಗಳೂರಿನಲ್ಲಿ ಇಳಿದು, ಮೂರನೇ ರೈಲಿನಲ್ಲಿ ನಿಂತುಕೊಂಡು ನಿನ್ನೆ ರಾತ್ರಿ ತಲುಪಿದೆವು. ಸ್ಟೇಷನ್ ಹತ್ತಿರದ ಛತ್ರದಲ್ಲಿ ಕೋಣೆ. ಕೋಣೆಯಲ್ಲಿ ನಮಗಿಂತ ಮೊದಲೇ ತಿಗಣೆಗಳು ಇಳಿದುಕೊಂಡಿದ್ದವು.

ಅರಮನೆಯನ್ನು ಗೇಟಿನ ಆಚೆಯಿಂದ ನೋಡಿದೆವು. ದೊಡ್ಡದು. ಜಿರಾಫೆ ನಮ್ಮ ಕಡೆಗೆ ಬೆನ್ನು ಹಾಕಿ ನಿಂತಿತ್ತು, ಎಷ್ಟು ಕರೆದರೂ ತಿರುಗಲಿಲ್ಲ. ಮುನಿನಾರಾಯಣಮ್ಮನ ಕೈಯಿಂದ ಎಲೆ ತಿಂದದ್ದು ಯಾವ ಜಿರಾಫೆಯೋ! ಜಟಕಾದವನು ನಮ್ಮ ಮಾತು ಕೇಳಿ, "ಕೋಲಾರದೋರಾ? ಚಿನ್ನ ತಂದಿದೀರಾ?" ಎಂದು ಹಲ್ಲು ಕಿರಿದ. ದೂರದ ಬೆಟ್ಟ ನುಣ್ಣಗೆ ಎಂದು ಮಕ್ಕಳಿಗೆ ಎಷ್ಟು ಸಲ ಬರೆಸಿಲ್ಲ ನಾನು.

ಇವರು ಮಾತ್ರ ನಿನ್ನೆ ರಾತ್ರಿ ಮಗುವಿನಂತೆ ನಿದ್ದೆ ಹೋದರು. ಬೆಳಿಗ್ಗೆ ಎದ್ದು, "ಇಲ್ಲಿ ನೆಲ ಅಲುಗಾಡೋದೇ ಇಲ್ಲ ಅಲ್ವಾ?" ಎಂದರು.

ಮೇ 10, ಭಾನುವಾರ, ಮೈಸೂರು

ಬೃಂದಾವನಕ್ಕೆ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ತಳ್ಳಿದರು, ಬೈದರು, ಮತ್ತೆ ತಳ್ಳಿದರು. ನಾವು ಗೇಟಿಗೆ ಕಾಲಿಡುವುದಕ್ಕೂ ದೀಪ ಆರಿಸುವುದಕ್ಕೂ ಸರಿಹೋಯಿತು. ಕತ್ತಲಲ್ಲಿ ಜನ ಆಹಾ ಓಹೋ ಎನ್ನುತ್ತ ಎದುರಿಗೆ ಬಂದರು. ನನಗೆ ಅಳುವೇ ಬಂತು. ಯಾವುದಕ್ಕೆ ಬಂದೆನೋ ಅದೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾಳೆ ಸಂಜೆಯೂ ದೀಪ ಹಾಕುತ್ತಾರೆ ಎಂದು ಛತ್ರದವನು ಹೇಳಿದ. ಇನ್ನೊಂದು ದಿನ ಇರೋಣ ಎಂದೆ. ಇವರು, "ಸೋಮವಾರಕ್ಕೆ ಬತ್ತೀವಿ ಅಂತ ಮಾತು ಕೊಟ್ಟೀವಿ," ಎಂದರು. "ನಾವು ಬರ್ಲಿಲ್ಲ ಅಂದ್ರೆ ಮಂಗಳವಾರಾನೂ ಅವ್ನೇ ಇಳೀತಾನೆ, ಅಷ್ಟು ತಿಳಿಯಲ್ವಾ ಅವ್ನಿಗೆ?" ಎಂದೆ. ಇವರು ಮುಖ ಬಿಗಿ ಮಾಡಿಕೊಂಡು ಮಲಗಿದರು. ಮಲಗಲಿ.

ಮೇ 11, ಸೋಮವಾರ, ಮೈಸೂರು

ದೀಪ ಶನಿವಾರ ಭಾನುವಾರ ಮಾತ್ರವಂತೆ. ತೋಟದ ಮಾಲಿ ನಮ್ಮನ್ನು ನೋಡಿ ನಕ್ಕ. ಕಾರಂಜಿಯೂ ಇಲ್ಲ. ಮುಗಿಯಿತು ನನ್ನ ಮೈಸೂರು. ಯಾರಾದರೂ ಕೇಳಿದರೆ, ಹೋಗಬೇಡಿ, ಮನೆಯಲ್ಲೇ ಬಿದ್ದುಕೊಂಡಿರಿ ಎಂದು ಹೇಳುತ್ತೇನೆ.

ಮೇ 12, ಮಂಗಳವಾರ, ಬಂಗಾರಪೇಟೆ, ಅಣ್ಣನ ಮನೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಸಂಜೆ ಬಂಗಾರಪೇಟೆಯಲ್ಲಿ ಇಳಿದು ಕೋಲಾರ ಗೋಲ್ಡ್ ಫೀಲ್ಡ್ಸ್ ರೈಲಿಗೆ ಕಾಯುತ್ತಿದ್ದೆವು. ಪ್ಲಾಟ್‌ಫಾರಂ ಮೇಲೆ ಜನ ಗುಂಪುಗುಂಪಾಗಿ ನಿಂತಿದ್ದರು. ಬೆಳಿಗ್ಗೆ ಎಂಟಕ್ಕೆ ದೊಡ್ಡ ಬರ್ಸ್ಟ್ ಆಗಿದೆ, ನಾಲ್ವರು ಒಳಗೆ ಸಿಕ್ಕಿಕೊಂಡಿದ್ದಾರೆ ಎಂದು ಒಬ್ಬ ಹೇಳುತ್ತಿದ್ದ. ಹೆಸರೂ ಹೇಳಿದ. ಮೂರನೆಯ ಹೆಸರು ಕೋದಂಡಪ್ಪ.

ಇವರು ತಮ್ಮ ಹೆಸರನ್ನು ತಾವೇ ಕೇಳಿಸಿಕೊಂಡು ನಿಂತರು. ಕೈಚೀಲ ಕೆಳಗೆ ಬಿತ್ತು.

ಆ ಹೊತ್ತಿಗೇ ಬಚ್ಚಪ್ಪಣ್ಣ ಅಳುತ್ತ ಓಡಿಬಂದ. ತಂಗಿಯ ಗಂಡ ಹೋದ ಎಂದು ನಮ್ಮ ಮನೆಗೆ ಹೊರಟವನು. ಇವರನ್ನು ಕಂಡು ದೆವ್ವ ಕಂಡವನಂತೆ ನಿಂತ. ಆಮೇಲೆ ಕೆನ್ನೆಗೆ ಒಂದು ಬಾರಿಸಿದ, ಬಾರಿಸಿ ತಬ್ಬಿಕೊಂಡು ಗೊಳೋ ಎಂದ. ಯಾರಾದರೂ ಗುರುತು ಹಿಡಿದಾರು ಎಂದು ನಾನು ಇಬ್ಬರನ್ನೂ ಎಳೆದುಕೊಂಡು ಅಣ್ಣನ ಮನೆಗೆ ಬಂದು ಬಾಗಿಲು ಹಾಕಿದೆ.

ಇವರು ಒಂದೇ ಸಮನೆ, "ನಾನ್ ಓಗ್ತೀನಿ. ಒಳಗಿರೋದು ಪೆರುಮಾಳು ಅಂತ ಯೇಳ್ತೀನಿ," ಎಂದರು. ನಾನೇ ತಡೆದೆ. ಹೇಳಿದರೆ ಅವನು ಬೇಗ ಹೊರಗೆ ಬರುತ್ತಾನೆಯೇ? ಇಲ್ಲ. ಯಾರೇ ಇದ್ದರೂ ಅಗೆಯುವುದು ಅಗೆಯುತ್ತಾರೆ. ಅವನು ಬಂದ ಮೇಲೆ ಇವರ ಜಾಗಕ್ಕೆ ಇವರು ಸೇರಿಕೊಂಡರೆ ಯಾರಿಗೂ ಗೊತ್ತಾಗದು, ಇಬ್ಬರ ಕೆಲಸವೂ ಉಳಿಯುತ್ತದೆ. ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಅಣ್ಣನೂ ಸರಿ ಎಂದ.

ಇವರು ಇಲ್ಲೇ ಇರಲಿ. ನಾನು ಬೆಳಗಿನ ರೈಲಿಗೆ ಹೋಗುತ್ತೇನೆ.

ಮೇ 13, ಬುಧವಾರ, ಚಾಂಪಿಯನ್ ರೀಫ್ಸ್

ಮಾರಿಯಮ್ಮ ನನ್ನ ಮನೆಯ ಬಾಗಿಲಲ್ಲೇ ಕೂತಿದ್ದಳು. ನಿನ್ನೆಯಿಂದ ಕೂತಿದ್ದಳಂತೆ. ನನ್ನನ್ನು ನೋಡಿ ಮೊದಲು ಕೇಳಿದ್ದು, "ಅಣ್ಣ ಎಲ್ಲಿ?" ಅಂತ. ಹೇಳಿದೆ. ಸುಮ್ಮನೆ ಇರಬೇಕು ಎಂದೂ ಹೇಳಿದೆ. "ಆಮಾ ಅಕ್ಕಾ, ಸರಿ. ಅವರು ಮೊದ್ಲು ಬರ್ಲಿ. ಆಮೇಲೆ ಯೇನಾದ್ರೂ ಆಗ್ಲಿ," ಎಂದಳು. ಅವಳೂ ಒಪ್ಪಿದ್ದಾಳೆ. ಇದನ್ನು ಬರೆದಿಡಬೇಕು.

ಇಬ್ಬರೂ ಶಾಫ್ಟಿನ ಹತ್ತಿರ ಹೋದೆವು. ಗೇಟಿಗೆ ಹಗ್ಗ ಕಟ್ಟಿದ್ದರು. ಪಟ್ಟಿಯಲ್ಲಿ ಹೆಸರಿದ್ದವರ ಮನೆಯವರಿಗೆ ಮಾತ್ರ ಒಳಗೆ ಬಿಡುತ್ತಿದ್ದರು. ಕಾವಲುಗಾರ, "ಕೋದಂಡಪ್ಪನ ಎಂಡ್ತಿ ಬನ್ನಿ ತಾಯಿ," ಎಂದು ಹಗ್ಗ ಎತ್ತಿದ. ಮಾರಿಯಮ್ಮನೂ ಬಗ್ಗಿದಳು. "ನೀನ್ಯಾರು?" ಎಂದ. ಅವಳು ನನ್ನ ಮುಖ ನೋಡಿದಳು. "ಪಕ್ಕದ ಮನೇರು," ಎಂದೆ. ಹಗ್ಗ ಇಳಿಯಿತು.

ಒಳಗೆ ನನಗೆ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ಪಕ್ಕದ ಕುರ್ಚಿಯ ಮುದುಕಿ, ಮಗ ಒಳಗಿರುವವಳು, ನನ್ನ ಕೈ ಬಿಡಲೇ ಇಲ್ಲ. "ನಿನ್ ತಾಳಿ ಗಟ್ಟಿ ಐತೆ ಕಣಮ್ಮ, ಅಳಬ್ಯಾಡ," ಎಂದಳು. ನಾನು ನಿಜವಾಗಿಯೇ ಅಳುತ್ತಿದ್ದೆ. ಮೇಸ್ತ್ರಿ ವೆಂಕಟೇಶಪ್ಪ ಹತ್ತಿರ ಬಂದು ಪಿಸುಗುಟ್ಟಿದ: "ಬಾಯ್ ಬಿಟ್ಟೀಯಾ, ಟೀಚರಮ್ಮಾ. ಮೂರು ಮನೆ ಆಳಾಗ್ತದೆ."

ಸಂಜೆ ಹೊರಗೆ ಬಂದಾಗ ಮಾರಿಯಮ್ಮ ಹಗ್ಗ ಹಿಡಿದುಕೊಂಡು ಅಲ್ಲೇ ಬಿಸಿಲಲ್ಲಿ ನಿಂತಿದ್ದಳು. ನನ್ನ ಪಾಲಿಗೆ ಕೊಟ್ಟಿದ್ದ ಬನ್ನು ಅವಳಿಗೆ ಕೊಟ್ಟೆ. ತಿನ್ನಲಿಲ್ಲ.

ಮೇ 14, ಗುರುವಾರ

ಬೆಳಿಗ್ಗೆ ಒಂಬತ್ತಕ್ಕೆ ಗಣಿಯ ಕ್ಯಾಪ್ಟನ್ ಸಾಹೇಬರು ಕುರ್ಚಿಗಳ ಹತ್ತಿರ ಬಂದು, "ಕೋದಂಡಪ್ಪನವರ ಹೆಂಡತಿ ಯಾರು?" ಎಂದರು. ಎದ್ದು ನಿಂತೆ. ಬೇರೆ ಗಣಿಯಿಂದ ಬಂದ ರಕ್ಷಣೆಯವರು ಬಂಡೆಯ ನಡುವೆ ಕೈ ತೂರುವಷ್ಟು ಸಂದಿ ಮಾಡಿ, ಅದರಲ್ಲಿ ಟೆಲಿಫೋನ್ ಇಳಿಬಿಟ್ಟಿದ್ದಾರಂತೆ. ಮೂವರು ಉತ್ತರ ಕೊಡುತ್ತಿಲ್ಲ. ಒಬ್ಬ ಮಾತಾಡುತ್ತಿದ್ದಾನೆ. ಹೆಸರು ಕೇಳಿದರೆ ಕೋದಂಡಪ್ಪ ಎಂದನಂತೆ.

ಸುತ್ತ ಇದ್ದವರೆಲ್ಲ ನನ್ನನ್ನು ತಬ್ಬಿಕೊಂಡರು. ಆ ಮುದುಕಿ, ತನ್ನ ಮಗ ಉತ್ತರ ಕೊಡದವಳು, ಅವಳೂ ನನ್ನ ತಲೆ ಸವರಿದಳು.

"ನಿದ್ದೆ ಹೋಗುತ್ತಿದ್ದಾನೆ. ನಿದ್ದೆಗೆ ಬಿಡಬಾರದು. ನಾವು ತಲುಪುವವರೆಗೆ ನೀವು ಮಾತಾಡುತ್ತಿರಬೇಕಮ್ಮ. ಏನಾದರೂ ಸರಿ, ಮಾತು ನಿಲ್ಲಿಸಬೇಡಿ," ಎಂದು ಸಾಹೇಬರು ನನ್ನನ್ನು ಆಫೀಸಿನೊಳಗೆ ಕೂರಿಸಿ ಟೆಲಿಫೋನ್ ಕೈಗೆ ಕೊಟ್ಟರು. ಪಕ್ಕದಲ್ಲೇ ನಿಂತರು.

"ಅಲೋ," ಎಂದೆ.

"ಅ..." ಎಂದ. ಅಕ್ಕಾ ಅನ್ನಲು ಹೋಗಿ ಅಲ್ಲೇ ನಿಲ್ಲಿಸಿದ. ಆಮೇಲೆ, "ಯೇನಮ್ಮೀ, ಬಂದ್ಯಾ?" ಎಂದ. ಸಂದಿಯ ಆಚೆ ರಕ್ಷಣೆಯವರು ಕೇಳಿಸಿಕೊಳ್ಳುತ್ತಿದ್ದಾರಲ್ಲ. ಅಂಥ ಸ್ಥಿತಿಯಲ್ಲೂ ಅವನಿಗೆ ಅದು ನೆನಪಿತ್ತು.

"ಬಂದೆ. ಎಂಗಿದೀರಾ?"

"ಕಾಲು ಗೊತ್ತಾಗ್ತಿಲ್ಲ. ಮೈಸೂರು... ಮೈಸೂರು ಎಂಗೈತೆ? ಯೇಳು."

ಹೇಳಿದೆ. ರೈಲಿನಿಂದ ಶುರುಮಾಡಿದೆ. ಅರಮನೆಯ ಒಳಗೆ ಹೋದೆ ಎಂದು ಹೇಳಿದೆ, ಕಂಬಗಳನ್ನು ಎಣಿಸಿದೆ ಎಂದೆ. ಜಿರಾಫೆ ನನ್ನ ಕೈಯಿಂದ ಎಲೆ ತಿಂದಿತು, ನಾಲಿಗೆ ನೇರಳೆ ಹಣ್ಣು ತಿಂದ ಹಾಗೆ ಕಪ್ಪಗಿತ್ತು ಎಂದೆ. ಅವನು ನಕ್ಕ. ಕೆಮ್ಮು ಬಂತು. ಸುಮ್ಮನಾದರೆ, "ಆಮೇಲೆ?" ಎನ್ನುತ್ತಿದ್ದ. ಬೃಂದಾವನದ ದೀಪ ಹೇಳಿದೆ. ನೀರು ಕೆಂಪಗೆ ಹಾರಿ ಹಸಿರಾಗಿ ಬೀಳುತ್ತದೆ, ಆ ಬೆಳಕಿನಲ್ಲಿ ಜನರ ಮುಖವೆಲ್ಲ ದೇವರ ಮುಖದ ಹಾಗೆ ಕಾಣುತ್ತದೆ ಎಂದೆ. ಎಲ್ಲಿಂದ ಬಂತೋ ಆ ಮಾತು.

"ಇಲ್ಲಿ ಕತ್ತಲು," ಎಂದ. "ಆಮೇಲೆ?"

ಮತ್ತೆ ಹೇಳಿದೆ. ಮಧ್ಯದಲ್ಲಿ ಅವನು, "ಪಕ್ಕದ ಮನೇರು ಎಂಗವ್ರೆ?" ಎಂದು ಕೇಳಿದ.

ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ವೆಂಕಟೇಶಪ್ಪ ಬಾಗಿಲಲ್ಲಿದ್ದ. "ಚೆನ್ನಾಗವ್ರೆ," ಎಂದು ಚಾಮುಂಡಿ ಬೆಟ್ಟದ ನಂದಿಯ ವಿಷಯ ತೆಗೆದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ. "ಪಕ್ಕದ ಮನೇರು ಊಟ ಮಾಡಿದ್ರಾ?" "ಮಾಡಿದ್ರು." ಮೂರನೇ ಸಲ ಅವನ ದನಿ ತೀರ ಇಳಿದಿತ್ತು. "ನಿದ್ದೆ ಬತ್ತೈತೆ ಕಣಮ್ಮೀ. ಪಕ್ಕದ ಮನೇರನ್ನ ಒಂದ್ ದಪ ಕರೀತೀಯಾ?"

ಟೆಲಿಫೋನ್ ಕಿವಿಯಿಂದ ತೆಗೆದೆ. "ಸಾರ್, ಒಳಗಿರೋದು ನನ್ನ ಗಂಡ ಅಲ್ಲ. ಪೆರುಮಾಳು. ಅವನ ಎಂಡ್ತಿ ಗೇಟ್ ಹತ್ರ ಅವಳೆ, ಕರೀರಿ," ಎಂದೆ. ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಕಿರುಚಿ ಹೇಳಿದೆ. ಜನ ಓಡಿದರು. ಮಾರಿಯಮ್ಮ ಬಂದಳು, ಕಾಲಲ್ಲಿ ಚಪ್ಪಲಿಯಿಲ್ಲ, ಸೆರಗು ನೆಲದಲ್ಲಿ. ಟೆಲಿಫೋನ್ ಎಂದೂ ಹಿಡಿದವಳಲ್ಲ. ನಾನೇ ಕಿವಿಗೆ ಸರಿಯಾಗಿ ಹಿಡಿಸಿದೆ.

"ಯೋವ್! ರೀ! ನಾನ್ ಕಣ್ರೀ, ಮಾರಿ!"

ಕೂಗಿದಳು, ಬೈದಳು, ತಮಿಳಿನಲ್ಲಿ ಏನೇನೋ ಕೇಳಿಕೊಂಡಳು. ಒಂದೊಂದು ಸಲವೂ ನಿಲ್ಲಿಸಿ ಕಿವಿಗೊಟ್ಟಳು. ಮುಖ ನೋಡಿದರೆ ತಿಳಿಯುತ್ತಿತ್ತು, ಆ ಕಡೆಯಿಂದ ಏನೂ ಬರುತ್ತಿಲ್ಲವೆಂದು.

ಮೇ 15, ಶುಕ್ರವಾರ

ನಾಲ್ವರನ್ನೂ ಮೇಲೆ ತಂದರು. ಒಬ್ಬರೂ ಇಲ್ಲ.

ಮೇ 20, ಬುಧವಾರ

ನಾನು ಬಾಯಿಬಿಟ್ಟ ದಿನವೇ ಇವರಿಗೆ ಸುದ್ದಿ ಮುಟ್ಟಿತು. ಬಂಗಾರಪೇಟೆಯಿಂದ ನಡೆದೇ ಬಂದರು, ರೈಲಿಗೂ ಕಾಯಲಿಲ್ಲ. ನೇರ ಕಚೇರಿಗೆ ಹೋಗಿ ಎಲ್ಲ ಒಪ್ಪಿಕೊಂಡರು. ಪೆರುಮಾಳನಿಗೆ ಹೆಗಲು ಕೊಡಲು ಹೋದಾಗ ಯಾರೂ ಬೇಡವೆನ್ನಲಿಲ್ಲ, ಯಾರೂ ಮಾತಾಡಲೂ ಇಲ್ಲ.

ಪಟ್ಟಿಯಲ್ಲಿ ಹೆಸರು ತಿದ್ದಿದ್ದಾರೆ. ಮಾರಿಯಮ್ಮನಿಗೆ ಸಲ್ಲಬೇಕಾದದ್ದು ಅವಳಿಗೇ ಸಲ್ಲುತ್ತದೆ ಎಂದು ಸಾಹೇಬರು ಹೇಳಿದರಂತೆ. ಇವರ ಕೆಲಸ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಮನೆ ಖಾಲಿ ಮಾಡಬೇಕು. ಬಚ್ಚಪ್ಪಣ್ಣ ಬಂಗಾರಪೇಟೆಯ ಅಕ್ಕಿ ಗಿರಣಿಯಲ್ಲಿ ಕೇಳಿದ್ದಾನೆ.

ಇವರ ಬೆರಳು ಈಗ ನಡುಗುವುದಿಲ್ಲ. ಊಟಕ್ಕೆ ಕೂತರೆ ನನ್ನ ಕೈ ನೋಡುತ್ತಾರೆ. ಯಾಕೆ ನೋಡುತ್ತಾರೋ ಗೊತ್ತಿಲ್ಲ.

ಮೇ 26, ಮಂಗಳವಾರ

ಮುನಿನಾರಾಯಣಮ್ಮ ಮಾತಾಡಿಸಿಕೊಂಡು ಹೋಗಲು ಬಂದಿದ್ದಳು. ಏನು ಹೇಳಬೇಕೋ ತೋಚದೆ, "ಅಂತೂ ಮೈಸೂರು ನೋಡಿದ್ಯಲ್ಲ, ಎಂಗಿತ್ತು?" ಎಂದುಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಪಾಪ, ಅವಳೇನು ಬೇಕೆಂದು ಕೇಳಿದಳೇ. ನೋಡಬೇಕಾದ ಊರೋ ಅಲ್ಲವೋ ನನಗೆ ಈಗ ಹೇಳಲು ಬರುವುದಿಲ್ಲ. ಕಣ್ಣು ಮುಚ್ಚಿದರೆ ದೀಪಗಳೇ ಕಾಣುತ್ತವೆ, ಕೆಂಪು ಹಸಿರು ನೀರು, ಎಲ್ಲ. ನಾನು ನೋಡದ್ದೇ ಕಾಣುತ್ತದೆ, ನೋಡಿದ್ದು ಕಾಣುವುದಿಲ್ಲ. ಅವಳಿಗೆ ಕಾಫಿ ಮಾಡಿಕೊಟ್ಟು ಕಳಿಸಿದೆ.

ಜೂನ್ 3, ಬುಧವಾರ

ಇಷ್ಟು ದಿನ ಮಾರಿಯಮ್ಮ ಬಿಂದಿಗೆ ಹಿಡಿದು ನನ್ನ ಬಾಗಿಲ ಮುಂದೆ ಹೋಗುವಳು, ಬರುವಳು, ತಿರುಗಿ ನೋಡುತ್ತಿರಲಿಲ್ಲ. ನಾನೂ ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಲಿ? ಇವತ್ತು ಸಂಜೆ ತಾನಾಗಿಯೇ ಬಂದು ಹೊಸ್ತಿಲ ಮೇಲೆ ಕೂತಳು.

"ನಾಳೆ ಗುಡಿಯಾತ್ತಂಗೆ, ತವರಿಗೆ ಓಗ್ತೀನಿ ಅಕ್ಕಾ. ಅಪ್ಪ ಬಂದವ್ರೆ."

ನಾನು ಚಾಪೆ ಹಾಕಿದೆ. ಮೇಲೆ ಕೂರಲಿಲ್ಲ.

"ಅವರು ಕಡೇಲಿ ಮಾತಾಡಿದ್ದೆಲ್ಲ ನಿನ್ ಹತ್ರ ಐತೆ. ನನ್ ಹತ್ರ ಯೇನೂ ಇಲ್ಲ. ಯೇಳು," ಎಂದಳು.

ಹೇಳಿದೆ. ಅಕ್ಕಾ ಅನ್ನಲು ಹೋಗಿ ತಡೆದುಕೊಂಡದ್ದು, ಕಾಲು ಗೊತ್ತಾಗುತ್ತಿಲ್ಲ ಎಂದದ್ದು, ಮೈಸೂರು ಕೇಳಿದ್ದು. ಒಂದೂ ಬಿಡದೆ ಹೇಳಿದೆ. ದ್ರಾಕ್ಷಿಯ ಗೊಂಚಲನ್ನು ಒಂದೊಂದೇ ಬಿಡಿಸಿ ಕೊಟ್ಟಂತೆ ಅವಳು ಒಂದೊಂದನ್ನೇ ತೆಗೆದುಕೊಂಡಳು.

"ಲೈಟು ಅಷ್ಟು ಚೆನ್ನಾಗಿತ್ತಾ ಅಕ್ಕಾ?"

"ನೋಡ್ಲೇ ಇಲ್ಲ ಮಾರೀ. ಸುಳ್ಳು ಯೇಳ್ದೆ."

"ಅವರ್ ನಗಾಡಿದ್ರಾ?"

"ಜಿರಾಫೆ ಅಂದಾಗ ನಕ್ಕರು."

"ಸರಿ ಬಿಡು ಅಂಗಾದ್ರೆ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಕೇಳಿದಳು. "ನನ್ನ ಕೇಳ್ಲಿಲ್ವಾ?"

ಇಲ್ಲ ಎನ್ನಬಹುದಿತ್ತು. ಹದಿನೈದು ದಿನದಿಂದ ಆ ಒಂದು ಸುಳ್ಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಬಾಯಿಗೆ ಬರಲಿಲ್ಲ.

"ಕೇಳಿದ್ರು. ಮೂರ್ ಸಲ ಕೇಳಿದ್ರು. ನಿನ್ ಎಸರು ಯೇಳೋ ಅಂಗಿರ್ಲಿಲ್ಲ, ಪಕ್ಕದ ಮನೇರು ಎಂಗವ್ರೆ ಅಂತ ಕೇಳಿದ್ರು. ಚೆನ್ನಾಗವ್ರೆ ಅಂದ್ಬಿಟ್ಟೆ. ಮೊದಲ್ನೇ ಸಲಾನೇ ನಿನ್ನ ಕರೀಬೋದಿತ್ತು ಮಾರೀ. ನಾನ್ ಕರೀಲಿಲ್ಲ. ಕೆಲ್ಸ ಓಗುತ್ತೆ ಅಂತ ಕರೀಲಿಲ್ಲ."

ಬೈಯಲಿ ಎಂದು ಕಾದೆ. ಹೊಡೆದರೂ ಸರಿ ಎಂದುಕೊಂಡೆ. ಗೋಡೆಯಾಚೆ ಅವಳ ಅಪ್ಪ ಪಾತ್ರೆಗಳನ್ನು ಮೂಟೆಗೆ ತುಂಬುವ ಸದ್ದು ಕೇಳುತ್ತಿತ್ತು.

"ಅವರ್ ಕೇಳ್ದಂಗೇ ಒಂದ್ಸಲ ಕೇಳಕ್ಕಾ," ಎಂದಳು.

ಅವಳು ಕಾದಳು. ಕೊನೆಗೆ ಕೇಳಿದೆ. "ಪಕ್ಕದ ಮನೇರು ಎಂಗವ್ರೆ?"

ಮಾರಿಯಮ್ಮ ತಲೆ ಎತ್ತಿದಳು. ನನ್ನ ಕಡೆ ನೋಡಲಿಲ್ಲ.

"ಇಲ್ಲೇ ಇದೀನಿ ಕಣ್ರೀ," ಎಂದಳು. "ಗೇಟ್ ಹತ್ರಾನೇ ನಿಂತಿದೀನಿ."